ನೆಟ್ ಇಲ್ಲವೇ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ವೈಫೈ ಗುರುತು ಪೂರ್ತಿ ತೋರಿಸುತ್ತಿದೆ, ಪುಟ ಮಾತ್ರ ತೆರೆಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಹುತೇಕ ಮನೆಗಳಲ್ಲಿ ನಡೆಯುವುದು ಒಂದೇ ಬಗೆ. ಮೊದಲು ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೆ ಬಗ್ಗದಿದ್ದರೆ ಲ್ಯಾಪ್‌ಟಾಪ್ ರೀಸ್ಟಾರ್ಟ್. ಅದಕ್ಕೂ ಬಗ್ಗದಿದ್ದರೆ ಯಾವುದೋ ವಿಡಿಯೊ ನೋಡಿಕೊಂಡು ಸಾಲಾಗಿ ನಾಲ್ಕೈದು ಸೆಟ್ಟಿಂಗ್ ಬದಲಿಸುತ್ತಾರೆ. ಸಂಜೆ ಹೊತ್ತಿಗೆ ನೆಟ್ ತಾನಾಗಿಯೇ ಬಂದರೂ ಬದಲಿಸಿದ ಸೆಟ್ಟಿಂಗ್ ಹಾಗೇ ಉಳಿದು, ಮುಂದಿನ ವಾರ ಹೊಸ ತೊಂದರೆ ಹುಟ್ಟುತ್ತದೆ.

‘ನೆಟ್ ಇಲ್ಲ’ ಎಂಬುದು ಒಂದು ತೊಂದರೆಯ ಹೆಸರಲ್ಲ. ಕಂಪ್ಯೂಟರಿನಿಂದ ರೌಟರ್‌ವರೆಗೆ ಒಂದು ಹಂತ, ರೌಟರ್‌ನಿಂದ ಸಂಪರ್ಕ ಕೊಟ್ಟ ಕಂಪನಿಯವರೆಗೆ ಇನ್ನೊಂದು, ಅಲ್ಲಿಂದ ಹೊರಗೆ ಮತ್ತೊಂದು. ಇದರ ಜೊತೆಗೆ, ನಾವು ಟೈಪ್ ಮಾಡಿದ ವೆಬ್‌ಸೈಟ್ ಹೆಸರಿಗೆ ಅಂಕಿಗಳ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಎಂಬ ಬೇರೆಯೇ ಏರ್ಪಾಡು. ಇವುಗಳಲ್ಲಿ ಯಾವುದು ಕೈಕೊಟ್ಟರೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಖಾಲಿ ಪುಟ. ಆದ್ದರಿಂದ ಎಲ್ಲಿ ನಿಂತಿದೆ ಎಂದು ಗೊತ್ತಾಗುವ ತನಕ ಏನನ್ನೂ ಬದಲಿಸಬೇಡಿ. ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನು ಬದಲಿಸಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಕೆಳಗಿನ ಪರೀಕ್ಷೆಗಳು ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುವಂಥವು. ಕಂಪ್ಯೂಟರ್ ಓದಿದವರೇ ಆಗಬೇಕೆಂದಿಲ್ಲ.

ಒಂದೇ ಕಂಪ್ಯೂಟರೋ, ಇಡೀ ಮನೆಯೋ

ಮೊದಲ ಪ್ರಶ್ನೆ ಇದು. ಮನೆಯ ಇನ್ನೊಂದು ಮೊಬೈಲನ್ನು ಅದೇ ವೈಫೈಗೆ ಸೇರಿಸಿ ನೋಡಿ. ನೋಡುವ ಮುಂಚೆ ಆ ಮೊಬೈಲಿನ ಡೇಟಾ ಕಡ್ಡಾಯವಾಗಿ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ವೈಫೈಯಲ್ಲಿ ನೆಟ್ ಇಲ್ಲದಿದ್ದರೆ ಇಂದಿನ ಮೊಬೈಲ್‌ಗಳು ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹೊರಳಿಕೊಳ್ಳುತ್ತವೆ. ‘ಮೊಬೈಲಲ್ಲಿ ಬರ್ತಾ ಇದೆಯಲ್ಲ, ಲ್ಯಾಪ್‌ಟಾಪೇ ಕೆಟ್ಟಿರಬೇಕು’ ಎಂಬ ತಪ್ಪು ತೀರ್ಮಾನ ಹುಟ್ಟುವುದು ಇಲ್ಲಿಂದಲೇ.

ಮೊಬೈಲಿಗೂ ನೆಟ್ ಇಲ್ಲವೆಂದರೆ ಕಂಪ್ಯೂಟರನ್ನು ಬಿಡಿ, ರೌಟರ್ ಕಡೆ ನಡೆಯಿರಿ. ಮೊಬೈಲಿಗೆ ಬಂದು ಕಂಪ್ಯೂಟರಿಗೆ ಮಾತ್ರ ಇಲ್ಲವೆಂದರೆ ದೀಪಗಳ ಭಾಗವನ್ನು ದಾಟಿ ಮುಂದಕ್ಕೆ ಓದಿ.

ಎರಡನೆಯ ಪ್ರಶ್ನೆ: ಎಲ್ಲ ತಾಣಗಳೂ ತೆರೆಯುತ್ತಿಲ್ಲವೋ, ಒಂದು ಮಾತ್ರವೋ? ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಇಡೀ ರಾಜ್ಯ ಒಂದೇ ತಾಣಕ್ಕೆ ಮುಗಿಬಿದ್ದಾಗ ಪುಟ ತೆರೆಯದಿದ್ದರೆ ನಿಮ್ಮ ರೌಟರ್ ಏನು ಮಾಡೀತು? ಆಸ್ತಿ ನೋಂದಣಿಯ ಕಾವೇರಿ 2.0 ತಾಣ 2025ರ ಜನವರಿಯಲ್ಲಿ ಡಿಡಾಸ್ ದಾಳಿಗೆ, ಅಂದರೆ ಒಮ್ಮೆಲೇ ರಾಶಿ ರಾಶಿ ಹುಸಿ ಕೋರಿಕೆ ಸುರಿದು ತಾಣವನ್ನು ಕಟ್ಟಿಹಾಕುವ ದಾಳಿಗೆ ಸಿಕ್ಕಿ ನಿಧಾನವಾದಾಗಲೂ ಮನೆಯ ಸಂಪರ್ಕದ ತಪ್ಪೇನೂ ಇರಲಿಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಾದ್ಯಂತ ನಿಂತವು. ಕಂಪನಿ ತನ್ನದೇ ಜಾಲದ ಸಂರಚನೆ ಬದಲಿಸುವಾಗ ಆದ ಎಡವಟ್ಟಿನಿಂದ ಅದರ ಡಿಎನ್‌ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯೇ ಇಂಟರ್‌ನೆಟ್‌ನಿಂದ ಅಳಿಸಿಹೋಗಿತ್ತು. ಅಂದು ಬ್ರೌಸರ್‌ಗಳು ತೋರಿಸಿದ್ದೂ ಡಿಎನ್‌ಎಸ್ ದೋಷವನ್ನೇ. ಒಂದೇ ತಾಣ ತೆರೆಯುತ್ತಿಲ್ಲ, ಬೇರೆ ಊರಿನ ಸ್ನೇಹಿತರಿಗೂ ತೆರೆಯುತ್ತಿಲ್ಲ ಎಂದಾದರೆ ಕಾಯುವುದೊಂದೇ ದಾರಿ.

ಪೆಟ್ಟಿಗೆಯ ದೀಪ ಓದುವುದು

ಈಗ ಹೆಚ್ಚಿನ ಮನೆಗಳಿಗೆ ಬಂದಿರುವುದು ಫೈಬರ್. ಗೋಡೆಯ ಮೇಲಿರುವ ರೌಟರ್ ಪೆಟ್ಟಿಗೆಯಲ್ಲಿ ಪವರ್, ಪಾನ್, ಲಾಸ್, ಲ್ಯಾನ್, ವೈಫೈ ಎಂದು ಪುಟ್ಟ ಅಕ್ಷರಗಳಲ್ಲಿ ಬರೆದು ಒಂದೊಂದರ ಪಕ್ಕ ದೀಪ ಇಟ್ಟಿರುತ್ತಾರೆ. ನೀವು ನೋಡಬೇಕಾದದ್ದು ಎರಡನ್ನು. ಪಾನ್ ಎಂಬುದು ಹಸಿರಾಗಿ ನಿಂತು ಉರಿಯಬೇಕು. ಎಲ್, ಓ, ಎಸ್ ಎಂದು ಬರೆದ ದೀಪ ಆರಿರಬೇಕು. ಅದು ಕೆಂಪಾಗಿ ಮಿಟುಕುತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಪೆಟ್ಟಿಗೆಗೆ ತಲುಪುತ್ತಿಲ್ಲ ಎಂದರ್ಥ. ಆಗ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ.

ಕೆಂಪು ದೀಪ ಕಂಡರೆ ಪೆಟ್ಟಿಗೆಯ ಹಿಂದೆ ಸೇರುವ ತೆಳ್ಳನೆಯ ತಂತಿಯನ್ನು ಗಮನಿಸಿ. ತುದಿಯಲ್ಲಿ ಸಾಮಾನ್ಯವಾಗಿ ಹಸಿರು ಅಥವಾ ನೀಲಿ ಬಣ್ಣದ ಚೌಕಾಕಾರದ ಪ್ಲಗ್ ಇರುತ್ತದೆ. ಒಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜು. ಕಸ ಗುಡಿಸುವಾಗ ಎಳೆದು, ಬೀರುವಿನ ಹಿಂದೆ ಸಿಕ್ಕಿ, ಚೂಪಾಗಿ ಮಡಚಿಕೊಂಡರೆ ತಂತಿ ತುಂಡಾಗದಿದ್ದರೂ ಬೆಳಕು ಸೋರಿಹೋಗುತ್ತದೆ. ಮಡಿಕೆ ಬಿಡಿಸಿ, ದೊಡ್ಡ ಸುತ್ತಾಗಿ ಸಡಿಲವಾಗಿ ಇಡಿ. ಪ್ಲಗ್ ಸಡಿಲವಿದ್ದರೆ ಕ್ಲಿಕ್ ಎನ್ನುವ ತನಕ ಒತ್ತಿ. ಅದನ್ನು ಬಿಚ್ಚಿ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡುವುದು ಬೇಡ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಲೇಸರ್ ಲೇಸರೇ. ತುದಿಯನ್ನು ಬೆರಳಿಂದ ಒರೆಸುವುದೂ ಬೇಡ, ಅಂಟಿದ ಜಿಡ್ಡು ಸಂಕೇತವನ್ನು ಇನ್ನಷ್ಟು ಕೆಡಿಸುತ್ತದೆ.

ಮಲೆನಾಡಿನ ಕಡೆ ಫೈಬರ್ ತಂತಿ ಅಡಿಕೆ ಮರದಿಂದ ಮರಕ್ಕೆ, ವಿದ್ಯುತ್ ಕಂಬದಿಂದ ಕಂಬಕ್ಕೆ ಕಟ್ಟಿಕೊಂಡು ಮನೆ ಸೇರುತ್ತದೆ. ಗಾಳಿಗೆ ಬಿದ್ದ ಕೊಂಬೆ, ತಂತಿ ಕಡಿಯುವ ಅಳಿಲು, ರಸ್ತೆ ಅಗೆಯುವ ಜೆಸಿಬಿ, ಯಾವುದರಿಂದಲೂ ಅದು ತುಂಡಾಗಬಹುದು. ಮನೆಯಿಂದ ಕಾಣುವಷ್ಟು ದೂರ ತಂತಿಯ ಜಾಡು ಹಿಡಿದು ನೋಡಿ, ಜೋತುಬಿದ್ದ ಜಾಗ ಕಂಡರೆ ಕೇಬಲ್‌ನವರಿಗೆ ಅದನ್ನೇ ಹೇಳಿ. ವಿದ್ಯುತ್ ತಂತಿಗೆ ತಾಗಿರುವ ಕೇಬಲ್ಲನ್ನು ಮಾತ್ರ ನೀವು ಮುಟ್ಟಬೇಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪೆಟ್ಟಿಗೆಯ ಅಡಾಪ್ಟರನ್ನೂ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ಲನ್ನೂ ಕಿತ್ತಿಡುವುದು ಒಳ್ಳೆಯದು. ಫೈಬರ್‌ನ ಗಾಜಿನಲ್ಲಿ ಕರೆಂಟ್ ಹರಿಯದಿದ್ದರೂ ಅಡಾಪ್ಟರ್ ಮೂಲಕ ಬಂದ ಆಘಾತ ಲ್ಯಾನ್ ತಂತಿ ಹಿಡಿದು ಕಂಪ್ಯೂಟರ್ ತನಕ ಹೋಗಬಲ್ಲದು.

ಪಾನ್ ಹಸಿರಾಗಿದೆ, ಲಾಸ್ ಆರಿದೆ, ಆದರೂ ಮನೆಯಲ್ಲಿ ಯಾರಿಗೂ ನೆಟ್ ಇಲ್ಲ ಎಂದರೆ ಮೊದಲು ರೀಚಾರ್ಜ್ ಮುಗಿದಿದೆಯೇ ನೋಡಿ. ಮುಗಿದಿದ್ದಾಗ ಕೆಲವು ಕಂಪನಿಗಳು ಯಾವ ತಾಣ ತೆರೆದರೂ ತಮ್ಮ ಪಾವತಿ ಪುಟಕ್ಕೇ ಕರೆದೊಯ್ಯುತ್ತವೆ, ಕೆಲವು ಸುಮ್ಮನೆ ನಿಲ್ಲಿಸಿಬಿಡುತ್ತವೆ. ಆಮೇಲೆ ರೀಸ್ಟಾರ್ಟ್. ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಡಿ, ಆನ್ ಮಾಡಿದ ಮೇಲೆ ನಾಲ್ಕೈದು ನಿಮಿಷ ಕಾಯಿರಿ. ಪೆಟ್ಟಿಗೆ ಎದ್ದು, ಕಂಪನಿಯ ಸಾಧನದೊಂದಿಗೆ ಗುರುತು ಹೇಳಿಕೊಂಡು, ಲಾಗಿನ್ ಆಗಲು ಅಷ್ಟು ಸಮಯ ಬೇಕು.

ಒಂದು ಕೆಲಸವನ್ನಂತೂ ಮಾಡಲೇಬೇಡಿ. ಪೆಟ್ಟಿಗೆಯ ಹಿಂದೆ ಸೂಜಿ ಮೊನೆಯಿಂದ ಒತ್ತುವ ರೀಸೆಟ್ ರಂಧ್ರ ಇರುತ್ತದಲ್ಲ, ಅದು ರೀಸ್ಟಾರ್ಟ್ ಗುಂಡಿಯಲ್ಲ. ಹತ್ತು ಸೆಕೆಂಡು ಒತ್ತಿದರೆ ಸಂಪರ್ಕ ಕೊಡುವಾಗ ಕಂಪನಿಯವರು ತುಂಬಿದ ಲಾಗಿನ್ ಹೆಸರು, ಪಾಸ್‌ವರ್ಡ್, ಇತರ ಸಂಖ್ಯೆಗಳು ಎಲ್ಲವೂ ಅಳಿಸಿಹೋಗಬಹುದು. ಐದು ನಿಮಿಷದಲ್ಲಿ ಸರಿಯಾಗುವ ತೊಂದರೆಗೆ ಎರಡು ದಿನ ಲೈನ್‌ಮ್ಯಾನ್ ಹಾದಿ ಕಾಯುವ ಸ್ಥಿತಿ ಬರುವುದು ಹೀಗೆ.

ಕಂಪ್ಯೂಟರಿಗೆ ವಿಳಾಸ ಸಿಕ್ಕಿದೆಯೇ?

ಇಲ್ಲಿಂದ ಮುಂದೆ ಕೀಲಿಮಣೆಯ ಕೆಲಸ. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿ ಮತ್ತು ಆರ್ ಅನ್ನು ಒಟ್ಟಿಗೆ ಒತ್ತಿ, ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಕೊಟ್ಟರೆ ಕಮಾಂಡ್ ಪ್ರಾಂಪ್ಟ್‌ನ ಕಪ್ಪು ಕಿಟಕಿ ತೆರೆಯುತ್ತದೆ. ಮುಂದೆ ಹೇಳುವ ಆದೇಶಗಳನ್ನೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಸಣ್ಣಕ್ಷರವೋ ದೊಡ್ಡಕ್ಷರವೋ ಯಾವುದಾದರೂ ಸರಿ. ಇವುಗಳಲ್ಲಿ ಹೆಚ್ಚಿನವು ನೋಡಿ ಹೇಳುವ ಆದೇಶಗಳು, ನೋಡಿದ ಮಾತ್ರಕ್ಕೆ ಏನೂ ಕೆಡುವುದಿಲ್ಲ.

ಮೊದಲನೆಯದು ಐಪಿಕಾನ್ಫಿಗ್: ಐ-ಪಿ-ಸಿ-ಓ-ಎನ್-ಎಫ್-ಐ-ಜಿ, ಎಲ್ಲ ಕೂಡಿಸಿ. ಬರುವ ಸಾಲುಗಳಲ್ಲಿ ವೈಫೈ ಅಥವಾ ಈಥರ್‌ನೆಟ್ ಎಂಬ ತಲೆಬರಹದ ಕೆಳಗೆ ಎರಡು ಸಾಲು ಹುಡುಕಿ. ಐಪಿವಿ4 ಅಡ್ರೆಸ್ ಎಂಬಲ್ಲಿ 192.168 ಅಥವಾ 10 ಎಂದು ಶುರುವಾಗುವ ಸಂಖ್ಯೆ ಇದ್ದರೆ ರೌಟರ್ ನಿಮ್ಮ ಕಂಪ್ಯೂಟರಿಗೆ ವಿಳಾಸ ಕೊಟ್ಟಿದೆ. ಡೀಫಾಲ್ಟ್ ಗೇಟ್‌ವೇ ಎಂಬಲ್ಲಿರುವುದು ರೌಟರ್‌ನದೇ ವಿಳಾಸ. ಅನೇಕ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1. ಇದನ್ನು ಚೀಟಿಯಲ್ಲಿ ಬರೆದುಕೊಳ್ಳಿ, ಮುಂದೆ ಬೇಕು.

ವಿಳಾಸ 169.254 ಎಂದು ಶುರುವಾಗಿದ್ದರೆ ತೊಂದರೆ ಇಲ್ಲೇ ಇದೆ. ಕಂಪ್ಯೂಟರ್ ರೌಟರನ್ನು ವಿಳಾಸ ಕೇಳಿದೆ, ಉತ್ತರ ಬರಲಿಲ್ಲ, ಆದ್ದರಿಂದ ತನಗೆ ತಾನೇ ಒಂದು ಸಂಖ್ಯೆ ಇಟ್ಟುಕೊಂಡಿದೆ. ವೈಫೈಯಾದರೆ ಆ ಸಂಪರ್ಕವನ್ನು ಫರ್ಗೆಟ್ ಮಾಡಿ ಪಾಸ್‌ವರ್ಡ್ ಕೊಟ್ಟು ಮತ್ತೆ ಸೇರಿ. ಲ್ಯಾನ್ ಕೇಬಲ್ ಆದರೆ ಎರಡೂ ತುದಿ ಕಿತ್ತು ಹಾಕಿ, ಆಗದಿದ್ದರೆ ಕೇಬಲ್ ಬದಲಿಸಿ. ಪ್ಲಗ್‌ನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಅದು ಒಳಗೆ ಕೂತಂತೆ ಕಂಡರೂ ಕೂತಿರುವುದಿಲ್ಲ. ಆಮೇಲೆ ಐಪಿಕಾನ್ಫಿಗ್ ಬರೆದು, ಸ್ಪೇಸ್ ಬಿಟ್ಟು, ಓರೆಗೆರೆ ಹಾಕಿ ರಿಲೀಸ್ ಎಂದು ಕೊಡಿ, ಅದೇ ರೀತಿಯಲ್ಲಿ ರಿನ್ಯೂ ಎಂದು ಕೊಡಿ. ಹಳೆಯ ವಿಳಾಸ ಬಿಟ್ಟು ಹೊಸದು ಕೇಳುವ ಕ್ರಮ ಇದು.

ವೈಫೈ ಬಗ್ಗೆ ಒಂದು ಮಾತು. ಹೆಚ್ಚಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಸಂಕೇತ ಕೊಡುತ್ತವೆ. 5ರಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಹಳೆಯ ಕಲ್ಲು, ಮಣ್ಣಿನ ದಪ್ಪ ಗೋಡೆಯ ಮನೆಗಳಲ್ಲಿ ಹಜಾರದ ಆಚೆಯ ಕೋಣೆಗೆ ಅದು ತಲುಪುವುದೇ ಕಷ್ಟ. ಅಲ್ಲಿ ಕೂತು ಕೆಲಸ ಮಾಡುವವರು 2.4ಕ್ಕೆ ಸೇರಿಕೊಳ್ಳಲಿ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ರೌಟರ್‌ಗಳೆಲ್ಲ 2.4ರಲ್ಲೇ ಕಿಕ್ಕಿರಿದಿರುವುದರಿಂದ ಅಲ್ಲಿ ಹತ್ತಿರ ಕೂತು 5 ಬಳಸುವುದು ವಾಸಿ. ಅನುಮಾನ ಬಂದಾಗಲೆಲ್ಲ ಒಂದು ಲ್ಯಾನ್ ಕೇಬಲ್ ಹಾಕಿ ನೋಡಿ. ಕೇಬಲ್‌ನಲ್ಲಿ ನೆಟ್ ಚೆನ್ನಾಗಿದ್ದರೆ ದೋಷ ವೈಫೈಯದು ಎಂದು ತೀರ್ಮಾನವಾಯಿತು.

ಅಂಕಿಗೆ ಓಗೊಡುತ್ತದೆ, ಹೆಸರಿಗೆ ಇಲ್ಲ

ಇಡೀ ಪರೀಕ್ಷೆಯ ಜೀವಾಳ ಈ ಹೆಜ್ಜೆ. ಪಿಂಗ್ ಎಂಬ ಆದೇಶ ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬಂತೇ, ಎಷ್ಟು ಮಿಲಿಸೆಕೆಂಡಿನಲ್ಲಿ ಬಂತು ಎಂದು ಹೇಳುತ್ತದೆ. ವಿಂಡೋಸ್ ನಾಲ್ಕು ಸಲ ಕಳಿಸುತ್ತದೆ.

ಪಿ-ಐ-ಎನ್-ಜಿ ಬರೆದು ಸ್ಪೇಸ್ ಬಿಟ್ಟು ರೌಟರ್ ವಿಳಾಸ ಕೊಡಿ. ರಿಪ್ಲೈ ಫ್ರಮ್ ಎಂದು ನಾಲ್ಕು ಸಾಲು ಬಂದರೆ ಮನೆಯೊಳಗಿನ ದಾರಿ ಸರಿ. ಮುಂದೆ ಪಿಂಗ್ 8.8.8.8 ಕೊಡಿ. ಇದು ಗೂಗಲ್ 2009ರ ಡಿಸೆಂಬರಿನಿಂದ ನಡೆಸುತ್ತಿರುವ ಸಾರ್ವಜನಿಕ ಡಿಎನ್‌ಎಸ್ ಸರ್ವರ್‌ನ ವಿಳಾಸ. ಇಲ್ಲಿಂದ ಉತ್ತರ ಬಂದರೆ ನಿಮ್ಮ ಮನೆಯಿಂದ ಹೊರಜಗತ್ತಿನ ತನಕ ದಾರಿ ತೆರೆದಿದೆ. ಈಗ ಮೂರನೆಯದು: ಪಿಂಗ್ ಬರೆದು ಗೂಗಲ್ ಡಾಟ್ ಕಾಮ್ ಎಂಬ ಹೆಸರು ಕೊಡಿ.

ಅಂಕಿಗೆ ಉತ್ತರ ಬಂದು, ಹೆಸರಿಗೆ ಮಾತ್ರ ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎಂಬ ಸಾಲು ಬಂದರೆ ಡಿಎನ್‌ಎಸ್ ತೊಂದರೆ ಖಚಿತ. ರೌಟರ್ ಉತ್ತರಿಸಿ, 8.8.8.8 ಉತ್ತರಿಸದೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ತೊಂದರೆ ರೌಟರ್‌ನಿಂದ ಆಚೆಗೆ, ಅಂದರೆ ಹೆಚ್ಚಾಗಿ ಕಂಪನಿಯ ಕಡೆಗೆ. ರೌಟರೇ ಉತ್ತರಿಸದಿದ್ದರೆ ಹಿಂದಿನ ಭಾಗಕ್ಕೆ ಮರಳಿ. ನಾಲ್ಕರಲ್ಲಿ ಎರಡು ಬಂದು ಎರಡು ತಪ್ಪಿದರೆ, ಅಥವಾ ಸಮಯ ಒಮ್ಮೆ 15 ಮಿಲಿಸೆಕೆಂಡು, ಮರುಗಳಿಗೆ 900 ಎಂದು ಜಿಗಿದರೆ, ಸಂಪರ್ಕ ಇದೆ ಆದರೆ ದುರ್ಬಲ. ವಿಡಿಯೊ ಕರೆಯಲ್ಲಿ ಮಾತು ತುಂಡಾಗುವುದು ಇದರಿಂದಲೇ.

ಪಿಂಗ್‌ಗೆ ಉತ್ತರ ಕೊಡದಂತೆ ಕಟ್ಟಿಹಾಕಿದ ತಾಣಗಳೂ ಉಂಟು. ಅಂಥ ತಾಣ ಬ್ರೌಸರಿನಲ್ಲಿ ಚೆನ್ನಾಗಿ ತೆರೆದು ಪಿಂಗ್‌ಗೆ ಮಾತ್ರ ಸುಮ್ಮನಿರುತ್ತದೆ, ಅದನ್ನು ದೋಷ ಎಂದುಕೊಳ್ಳಬೇಡಿ. ಹಾಗೆಯೇ ಗಡಿಯಾರದ ಪಕ್ಕ ಕಾಣುವ ಗೋಳದ ಗುರುತನ್ನೂ ಕಣ್ಮುಚ್ಚಿ ನಂಬಬೇಡಿ. ವಿಂಡೋಸ್ ಮೈಕ್ರೋಸಾಫ್ಟ್‌ನ ಒಂದು ವಿಳಾಸದಿಂದ ಪುಟ್ಟ ಪಠ್ಯ ಕಡತ ತರಿಸಿಕೊಂಡು, ಅದು ಬಂದರೆ ನೆಟ್ ಇದೆ, ಬಾರದಿದ್ದರೆ ಇಲ್ಲ ಎಂದು ಲೆಕ್ಕ ಹಾಕುತ್ತದೆ. ವಿಪಿಎನ್ ಬಳಸುವಾಗ ನೆಟ್ ಇದ್ದರೂ ‘ನೋ ಇಂಟರ್‌ನೆಟ್’ ಎಂದು ತೋರಿಸುವುದುಂಟು.

ಡಿಎನ್‌ಎಸ್ ಎಂದರೇನು, ಎಲ್ಲಿ ಕೆಡುತ್ತದೆ

ಇಂಟರ್‌ನೆಟ್‌ನ ಹಿಂದಿನ ರೂಪವಾದ ಆರ್ಪಾನೆಟ್‌ನಲ್ಲಿ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸಗಳೆಲ್ಲ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಆ ಪಟ್ಟಿಯನ್ನು ತಿದ್ದಿ ಇಡುತ್ತಿತ್ತು, ಉಳಿದವರು ಅದರ ಪ್ರತಿ ಇಳಿಸಿಕೊಳ್ಳುತ್ತಿದ್ದರು. ಜಾಲ ಬೆಳೆದಂತೆ ಆ ಪಟ್ಟಿ ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಹೊಣೆಯನ್ನು ಹಂಚಿಬಿಟ್ಟಿತು. ಡಾಟ್ ಇನ್ ಹೆಸರುಗಳ ಲೆಕ್ಕ ಒಬ್ಬರಲ್ಲಿ, ಡಾಟ್ ಆರ್ಗ್ ಇನ್ನೊಬ್ಬರಲ್ಲಿ, ಎಲ್ಲಕ್ಕೂ ಮೇಲೆ ಎ ಯಿಂದ ಎಂ ವರೆಗಿನ 13 ಹೆಸರುಗಳ ರೂಟ್ ಸರ್ವರ್‌ಗಳು. ನಿಮ್ಮ ಕಂಪ್ಯೂಟರ್ ಇವರನ್ನೆಲ್ಲ ನೇರವಾಗಿ ಕೇಳುವುದಿಲ್ಲ. ಅದು ರೌಟರನ್ನು ಕೇಳುತ್ತದೆ, ರೌಟರ್ ಕಂಪನಿಯ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ, ಆ ಸರ್ವರ್ ಹುಡುಕಿ ತಂದ ಉತ್ತರವನ್ನು ನಿಗದಿತ ಅವಧಿಯವರೆಗೆ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ಅವಧಿ ಐದು ನಿಮಿಷವೂ ಇರಬಹುದು, ಒಂದು ದಿನವೂ ಇರಬಹುದು. ಕಂಪ್ಯೂಟರ್ ಕೂಡ ತನ್ನದೊಂದು ಪ್ರತಿ ಇಟ್ಟುಕೊಂಡಿರುತ್ತದೆ.

ಹೀಗಾಗಿ ಡಿಎನ್‌ಎಸ್ ಕೆಡಲು ಮುಖ್ಯವಾಗಿ ಮೂರು ಜಾಗ: ಕಂಪನಿಯ ಸರ್ವರ್ ನಿಂತಿರಬಹುದು, ರೌಟರ್ ಉತ್ತರ ದಾಟಿಸದೆ ಮಂಕಾಗಿರಬಹುದು, ಕಂಪ್ಯೂಟರ್ ಹಳೆಯ ಉತ್ತರವನ್ನೇ ಹಿಡಿದು ಕೂತಿರಬಹುದು. ಯಾವುದೆಂದು ತಿಳಿಯಲು ಎನ್‌ಎಸ್‌ಲುಕಪ್ ಎಂಬ ಆದೇಶ ಇದೆ: ಎನ್-ಎಸ್-ಎಲ್-ಓ-ಓ-ಕೆ-ಯು-ಪಿ.

ಅದನ್ನು ಬರೆದು, ಸ್ಪೇಸ್ ಬಿಟ್ಟು, ಕನ್ನಡ ವಿಕಿಪೀಡಿಯದ ಹೆಸರು ಕೊಡಿ: ಕೆಎನ್ ಡಾಟ್ ವಿಕಿಪೀಡಿಯಾ ಡಾಟ್ ಆರ್ಗ್. ಮೊದಲ ಎರಡು ಸಾಲಿನಲ್ಲಿ ಯಾವ ಸರ್ವರನ್ನು ಕೇಳಲಾಯಿತು ಎಂಬುದಿರುತ್ತದೆ, ಸಾಮಾನ್ಯವಾಗಿ ನಿಮ್ಮ ರೌಟರ್ ವಿಳಾಸವೇ. ಕೆಳಗೆ ಉತ್ತರ. ‘ಟೈಮ್ಡ್ ಔಟ್’ ಎಂದು ಬಂದರೆ ಈಗ ಅದೇ ಸಾಲಿನ ಕೊನೆಗೆ ಇನ್ನೊಂದು ಸ್ಪೇಸ್ ಬಿಟ್ಟು 8.8.8.8 ಸೇರಿಸಿ ಮತ್ತೆ ಕೊಡಿ. ಈ ಸಲ ಕಂಪ್ಯೂಟರ್ ರೌಟರನ್ನು ಬಿಟ್ಟು ನೇರವಾಗಿ ಗೂಗಲ್ ಸರ್ವರನ್ನೇ ಕೇಳುತ್ತದೆ. ಈಗ ಉತ್ತರ ಬಂದರೆ ತಪ್ಪು ರೌಟರ್‌ನದು ಅಥವಾ ಕಂಪನಿಯ ಡಿಎನ್‌ಎಸ್‌ನದು. ಎರಡಕ್ಕೂ ಸರಿಯಾಗಿ ಉತ್ತರ ಬಂದು ಬ್ರೌಸರ್ ಮಾತ್ರ ತೆರೆಯದಿದ್ದರೆ ತಪ್ಪು ಕಂಪ್ಯೂಟರಿನೊಳಗೆ. ‘ನಾನ್ ಎಕ್ಸಿಸ್ಟೆಂಟ್ ಡೊಮೈನ್’ ಎಂದು ಎರಡೂ ಕಡೆ ಹೇಳಿದರೆ ಆ ಹೆಸರೇ ಇಲ್ಲ. ಅಕ್ಷರ ತಪ್ಪಿದೆಯೇ ನೋಡಿ, ಬಹಳ ಸಲ ಅಷ್ಟೇ ಆಗಿರುತ್ತದೆ.

ಸರಿಪಡಿಸುವ ಕ್ರಮ

ಹಗುರವಾದದ್ದರಿಂದ ಶುರು ಮಾಡಿ. ಐಪಿಕಾನ್ಫಿಗ್, ಸ್ಪೇಸ್, ಓರೆಗೆರೆ, ಎಫ್-ಎಲ್-ಯು-ಎಸ್-ಎಚ್-ಡಿ-ಎನ್-ಎಸ್. ಇದು ಕಂಪ್ಯೂಟರ್ ನೆನಪಿಟ್ಟುಕೊಂಡ ಹಳೆಯ ಉತ್ತರಗಳನ್ನು ಅಳಿಸುತ್ತದೆ. ಅಳಿಸಿದರೆ ನಷ್ಟವೇನಿಲ್ಲ, ಬೇಕಾದಾಗ ಮತ್ತೆ ಕೇಳಿಕೊಳ್ಳುತ್ತದೆ. ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆಯಿರಿ. ಲಿನಕ್ಸ್ ಉಬುಂಟುವಿನಲ್ಲಿ ಇದೇ ಕೆಲಸಕ್ಕೆ ರಿಸಾಲ್ವ್‌ಸಿಟಿಎಲ್ ಫ್ಲಶ್-ಕ್ಯಾಶಸ್ ಎಂಬ ಆದೇಶವಿದೆ. ಮ್ಯಾಕ್‌ನವರು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು.

ಕಂಪನಿಯ ಡಿಎನ್‌ಎಸ್ ಕೈಕೊಟ್ಟಿದ್ದರೆ ಬೇರೆಯದನ್ನು ಹಾಕಿಕೊಳ್ಳಬಹುದು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್ ಎಂದು ಒಳಗೆ ಹೋಗಿ. ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್ ಎಂಬುದರ ಪಕ್ಕದ ಎಡಿಟ್ ಒತ್ತಿ, ಆಟೊಮ್ಯಾಟಿಕ್ ಬದಲು ಮ್ಯಾನ್ಯುಯಲ್ ಆರಿಸಿ, ಐಪಿವಿ4 ಆನ್ ಮಾಡಿ. ಮೊದಲ ಖಾನೆಗೆ 8.8.8.8, ಎರಡನೆಯದಕ್ಕೆ 1.1.1.1 ತುಂಬಿ ಸೇವ್ ಮಾಡಿ. 1.1.1.1 ಎಂಬುದು ಕ್ಲೌಡ್‌ಫ್ಲೇರ್ ಕಂಪನಿ 2018ರ ಏಪ್ರಿಲ್ 1ರಂದು ಶುರು ಮಾಡಿದ್ದು. ವೈರಸ್ ಹರಡುವ ತಾಣಗಳಿಗೆ ತಡೆ ಬೇಕೆನ್ನುವವರಿಗೆ ಕ್ವಾಡ್9 ಸಂಸ್ಥೆಯ 9.9.9.9 ಇದೆ. ಎರಡು ಖಾನೆಗೂ ಒಂದೇ ಕಂಪನಿಯ ವಿಳಾಸ ತುಂಬುವುದು ರೂಢಿ. ನಾನು ಬೇರೆ ಬೇರೆ ಕಂಪನಿಯದು ಹಾಕಿ ಎನ್ನುತ್ತೇನೆ. 2025ರ ಜುಲೈನಲ್ಲಿ ಕ್ಲೌಡ್‌ಫ್ಲೇರ್‌ನ ಈ ಸೇವೆಯೇ ಜಗತ್ತಿನ ಹಲವೆಡೆ ಸುಮಾರು ಒಂದು ಗಂಟೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಇನ್ನೊಬ್ಬರದು ಕೈಹಿಡಿಯುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ನಮ್ಮ ದೇಶದ ಅನೇಕ ಕಂಪನಿಗಳು ಈಗ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲೂ ಸಂಪರ್ಕ ಕೊಡುತ್ತವೆ. ಐಪಿವಿ4ರಲ್ಲಿ ಡಿಎನ್‌ಎಸ್ ಬದಲಿಸಿದರೂ ಐಪಿವಿ6ರಲ್ಲಿ ಕಂಪನಿಯ ಹಳೆಯ ಡಿಎನ್‌ಎಸ್ ಹಾಗೇ ಕೂತಿರುತ್ತದೆ, ಕಂಪ್ಯೂಟರ್ ಅದನ್ನೇ ಮೊದಲು ಕೇಳಬಹುದು. ‘ಡಿಎನ್‌ಎಸ್ ಬದಲಿಸಿದೆ, ಏನೂ ಪ್ರಯೋಜನ ಆಗಲಿಲ್ಲ’ ಎನ್ನುವವರು ಐಪಿಕಾನ್ಫಿಗ್ ಓರೆಗೆರೆ ಆಲ್ ಎಂದು ಕೊಟ್ಟು, ಡಿಎನ್‌ಎಸ್ ಸರ್ವರ್ಸ್ ಸಾಲಿನಲ್ಲಿ ಕೋಲನ್ ಚಿಹ್ನೆಗಳಿರುವ ಉದ್ದನೆಯ ವಿಳಾಸ ಇದೆಯೇ ನೋಡಲಿ. ಇದ್ದರೆ ಮೇಲಿನ ಅದೇ ಪುಟದಲ್ಲಿ ಐಪಿವಿ6 ಆನ್ ಮಾಡಿ 2001:4860:4860::8888 ಎಂಬ ಗೂಗಲ್ ವಿಳಾಸ ತುಂಬಬೇಕು.

ಆಫೀಸಿನ ಲ್ಯಾಪ್‌ಟಾಪ್ ಆದರೆ ಡಿಎನ್‌ಎಸ್ ಮುಟ್ಟಬೇಡಿ. ಕಂಪನಿಯೊಳಗಿನ ತಾಣಗಳ ಹೆಸರು ಅವರ ಡಿಎನ್‌ಎಸ್‌ಗೆ ಮಾತ್ರ ಗೊತ್ತಿರುತ್ತದೆ, ಗೂಗಲ್‌ಗೆ ಗೊತ್ತಿರುವುದಿಲ್ಲ. ಹೋಟೆಲು, ವಿಮಾನ ನಿಲ್ದಾಣಗಳ ವೈಫೈಯಲ್ಲೂ ಲಾಗಿನ್ ಪುಟ ಬರಲು ಆಟೊಮ್ಯಾಟಿಕ್ ಇರುವುದೇ ಸರಿ.

ನೀವು ಬದಲಿಸದೆಯೂ ಡಿಎನ್‌ಎಸ್ ವಿಳಾಸ ಬದಲಾಗಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ನೂರಕ್ಕೂ ಹೆಚ್ಚು ದೇಶಗಳ 40 ಲಕ್ಷದಷ್ಟು ಕಂಪ್ಯೂಟರ್‌ಗಳಲ್ಲಿ ಇದನ್ನೇ ಮಾಡಿತ್ತು. ಹೆಸರು ಕೇಳಿದಾಗ ವಂಚಕರ ಸರ್ವರ್ ಸುಳ್ಳು ವಿಳಾಸ ಕೊಟ್ಟು ಜನರನ್ನು ತನಗೆ ಬೇಕಾದ ಪುಟಗಳಿಗೆ ಒಯ್ಯುತ್ತಿತ್ತು. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಆ ಜಾಲ ಭೇದಿಸಿತು. ಆಮೇಲೂ ಸೋಂಕು ತಗುಲಿದವರ ನೆಟ್ ಒಮ್ಮೆಲೇ ನಿಲ್ಲದಿರಲೆಂದು 2012ರ ಜುಲೈ 9ರವರೆಗೆ ತಾತ್ಕಾಲಿಕ ಸರ್ವರ್ ನಡೆಸಬೇಕಾಯಿತು. ಬ್ಯಾಂಕಿನ ಪುಟ ಎಂದಿನಂತಿಲ್ಲ, ಯಾವುದೋ ಜಾಹೀರಾತಿಗೆ ಎಳೆದೊಯ್ಯುತ್ತದೆ ಎಂದರೆ ಹಣದ ವ್ಯವಹಾರ ನಿಲ್ಲಿಸಿ ಮೊದಲು ಇದನ್ನು ಪರೀಕ್ಷಿಸಿ. ಬ್ರೌಸರಿನಲ್ಲಿ ರೌಟರ್ ವಿಳಾಸ ಕೊಟ್ಟು ಒಳಹೊಕ್ಕು ಅಲ್ಲಿನ ಡಿಎನ್‌ಎಸ್ ಖಾನೆಯನ್ನೂ ನೋಡಿ. ರೌಟರ್‌ನ ಪಾಸ್‌ವರ್ಡ್ ಇನ್ನೂ ಅಡ್ಮಿನ್ ಎಂದೇ ಇದ್ದರೆ ಇಂದೇ ಬದಲಿಸಿ. ಭಾರತ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಇಂಥ ತಂತ್ರಾಂಶ ತೆಗೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ಎಸ್‌ಆರ್‌ಐನ ಆ ಹಳೆಯ ಪಟ್ಟಿಯ ಕುಡಿ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿ ಹೋಸ್ಟ್ಸ್ ಎಂಬ ಹೆಸರಿನ ಪುಟ್ಟ ಕಡತವಾಗಿ ಉಳಿದಿದೆ. ವಿಂಡೋಸ್ ಕಡತಕೋಶದಲ್ಲಿ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂದು ಒಳಗೆ ಹೋದರೆ ಸಿಗುತ್ತದೆ. ಡಿಎನ್‌ಎಸ್ ಕೇಳುವ ಮುಂಚೆ ಕಂಪ್ಯೂಟರ್ ಇದನ್ನು ನೋಡುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆದಾಗ ಹ್ಯಾಶ್ ಚಿಹ್ನೆಯಿಂದ ಶುರುವಾಗುವ ಸಾಲುಗಳಷ್ಟೇ ಇದ್ದರೆ ಸರಿ. ಹ್ಯಾಶ್ ಇಲ್ಲದ ಸಾಲಿನಲ್ಲಿ ನಿಮಗೆ ಬೇಕಾದ ತಾಣದ ಹೆಸರು ಕಂಡರೆ ಆ ಒಂದು ತಾಣ ಮಾತ್ರ ತೆರೆಯದಿರುವ ಗುಟ್ಟು ಅಲ್ಲಿದೆ. ಕಳ್ಳ ಪ್ರತಿ ತಂತ್ರಾಂಶ ಹಾಕಿಸಿಕೊಂಡ ಕಂಪ್ಯೂಟರ್‌ಗಳಲ್ಲಿ ಇಂಥ ಸಾಲು ಸಿಗುವುದುಂಟು.

ಡಿಎನ್‌ಎಸ್ ಸರಿಯಿದ್ದೂ ತೆರೆಯದಿದ್ದರೆ

ಗಡಿಯಾರ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳ ಒಳಗಿರುವ ಸಿಆರ್2032 ಎಂಬ ಬಿಲ್ಲೆಯಾಕಾರದ ಬ್ಯಾಟರಿ ಸತ್ತರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಅವಧಿ ಇರುವುದರಿಂದ ತಪ್ಪು ದಿನಾಂಕದ ಕಂಪ್ಯೂಟರ್ ಅವನ್ನೆಲ್ಲ ‘ಅಸುರಕ್ಷಿತ’ ಎಂದು ತಡೆಯುತ್ತದೆ. ದಿನಾಂಕ ಸರಿಪಡಿಸಿದರೆ ಎಲ್ಲ ತೆರೆಯುತ್ತವೆ. ಬ್ಯಾಟರಿಯ ಬೆಲೆ ಅಲ್ಪ, ಬದಲಿಸಿಬಿಡಿ.

ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ. ಸೆಟ್ಟಿಂಗ್ಸ್‌ನ ಪ್ರಾಕ್ಸಿ ಪುಟದಲ್ಲಿ ನೀವು ತುಂಬದ ವಿಳಾಸ ಇದ್ದರೆ ತೆಗೆಯಿರಿ. ಬ್ರೌಸರಿನೊಳಗೆ ಸೆಕ್ಯೂರ್ ಡಿಎನ್‌ಎಸ್ ಎಂಬ ಆಯ್ಕೆ ಇರುತ್ತದೆ. ಅದು ಆನ್ ಇದ್ದಾಗ ಬ್ರೌಸರ್ ವಿಂಡೋಸ್‌ನ ಡಿಎನ್‌ಎಸ್ ಬಿಟ್ಟು ತನ್ನದೇ ದಾರಿಯಲ್ಲಿ ಕೇಳಬಹುದು. ಒಂದು ಬ್ರೌಸರ್‌ನಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ಇದನ್ನು ಅನುಮಾನಿಸಿ.

ಇಷ್ಟಾದರೂ ಒಂದೇ ಕಂಪ್ಯೂಟರ್ ಹಟ ಹಿಡಿದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ನೆಟ್‌ಶೆಲ್‌ನ ಆದೇಶ ಕೊಡಿ: ಎನ್-ಇ-ಟಿ-ಎಸ್-ಎಚ್, ಸ್ಪೇಸ್, ವಿನ್‌ಸಾಕ್, ಸ್ಪೇಸ್, ರೀಸೆಟ್. ಆಮೇಲೆ ರೀಸ್ಟಾರ್ಟ್. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ರೀಸೆಟ್ ಇದಕ್ಕಿಂತ ದೊಡ್ಡದು. ಅದು ವೈಫೈ ಪಾಸ್‌ವರ್ಡ್‌ಗಳನ್ನೆಲ್ಲ ಅಳಿಸುವುದರಿಂದ ಕೊನೆಗೆ ಉಳಿಸಿಕೊಳ್ಳಿ.

ಕಂಪನಿಗೆ ಫೋನ್ ಮಾಡುವಾಗ

ದೂರವಾಣಿ ಸಂಖ್ಯೆಯನ್ನು ಬಿಲ್ಲಿನಿಂದ ಅಥವಾ ಕಂಪನಿಯ ಆ್ಯಪ್‌ನಿಂದ ತೆಗೆದುಕೊಳ್ಳಿ, ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್’ ಎಂದು ಹುಡುಕಬೇಡಿ. ಹಾಗೆ ಸಿಗುವ ನಂಬರುಗಳಲ್ಲಿ ವಂಚಕರದ್ದೂ ಇರುತ್ತವೆ. ನೆಟ್ ಸರಿಮಾಡಲು ಪರದೆ ಹಂಚುವ ಆ್ಯಪ್ ಹಾಕಿಕೊಳ್ಳಿ, ಪರೀಕ್ಷೆಗೆ ಒಂದು ರೂಪಾಯಿ ಕಳಿಸಿ ಎಂದು ಯಾರಾದರೂ ಹೇಳಿದರೆ ಕರೆ ಕತ್ತರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ನೆಟ್ ಬರ್ತಿಲ್ಲ’ ಎಂದಷ್ಟೇ ಹೇಳಿದರೆ ‘ರೀಸ್ಟಾರ್ಟ್ ಮಾಡಿ ಸರ್’ ಎಂಬ ಉತ್ತರವೇ ಬರುತ್ತದೆ. ಚೀಟಿ ಕೈಯಲ್ಲಿ ಹಿಡಿದು ಹೇಳಿ: ‘ಬೆಳಗ್ಗೆ ಎಂಟರಿಂದ ಲಾಸ್ ಕೆಂಪಾಗಿದೆ’, ಅಥವಾ ‘ರೌಟರ್‌ಗೆ ಪಿಂಗ್ ಹೋಗುತ್ತದೆ, 8.8.8.8ಕ್ಕೆ ಹೋಗುತ್ತಿಲ್ಲ’, ಅಥವಾ ‘ಅಂಕಿಗೆ ಪಿಂಗ್ ಹೋಗುತ್ತದೆ, ನಿಮ್ಮ ಡಿಎನ್‌ಎಸ್ ಉತ್ತರಿಸುತ್ತಿಲ್ಲ’. ರೌಟರ್ ಪುಟದಲ್ಲಿ ಆಪ್ಟಿಕಲ್ ಪವರ್ ಎಂಬ ಮಾಹಿತಿ ಇದ್ದರೆ ಆರ್‌ಎಕ್ಸ್ ಎಂಬುದರ ಮುಂದಿನ ಸಂಖ್ಯೆಯನ್ನೂ ಓದಿ ಹೇಳಿ. ಅದು ಮೈನಸ್ 20ರ ಆಸುಪಾಸು ಇದ್ದರೆ ಬೆಳಕು ಚೆನ್ನಾಗಿದೆ, ಮೈನಸ್ 27ನ್ನೂ ದಾಟಿ ಇಳಿದಿದ್ದರೆ ಎಲ್ಲೋ ಜಾಯಿಂಟ್ ಕೆಟ್ಟಿದೆ ಅಥವಾ ತಂತಿ ಮಡಚಿದೆ. ಆಗಾಗ ಬಂದುಹೋಗುವ ನೆಟ್‌ಗೆ ಇದು ದೊಡ್ಡ ಸುಳಿವು, ಲೈನ್‌ಮ್ಯಾನ್ ಬರುವಾಗಲೇ ಬೇಕಾದ ಸಾಮಾನು ತರುತ್ತಾರೆ.

ದೂರಿನ ಡಾಕೆಟ್ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರಲ್ಲಿ ಮಾಡಿದ ನಿಯಮದಂತೆ ಪ್ರತಿ ಕಂಪನಿಯಲ್ಲೂ ದೂರು ಕೇಂದ್ರದ ಮೇಲೆ ಒಂದು ಮೇಲ್ಮನವಿ ಪ್ರಾಧಿಕಾರ ಇರಲೇಬೇಕು. ದೂರಿಗೆ ಪರಿಹಾರ ಸಿಗದಿದ್ದರೆ ಡಾಕೆಟ್ ಸಂಖ್ಯೆ ಕೊಟ್ಟು ಅಲ್ಲಿಗೆ ಮನವಿ ಸಲ್ಲಿಸಬಹುದು, ಶುಲ್ಕವಿಲ್ಲ, 39 ದಿನದೊಳಗೆ ಅವರು ತೀರ್ಮಾನಿಸಬೇಕು. ವಿಳಾಸ ಮತ್ತು ಇಮೇಲ್ ಕಂಪನಿಯ ತಾಣದಲ್ಲಿರುತ್ತದೆ. ನೀವು ಬರೆದಿಟ್ಟ ಚೀಟಿಯ ದಿನಾಂಕ, ಹೊತ್ತು, ಪಿಂಗ್ ಫಲಿತಾಂಶಗಳನ್ನು ಮನವಿಯ ಜೊತೆಗೆ ಸೇರಿಸಿ ಕಳಿಸಿ.